ಗಾಲ್ಫ್ ಮೈದಾನದಲ್ಲಿ ಸಿಡಿಲು ಮತ್ತು ಬಿಸಿಲು: ಆಟಗಾರರ ಹಾಗೂ ಕೆಲಸಗಾರರ ಸುರಕ್ಷತೆ

ಭಾರತದಲ್ಲಿ ಗಾಲ್ಫ್ ಆಟಕ್ಕೆ ಸುಮಾರು ಎರಡು ಶತಮಾನಗಳ ಇತಿಹಾಸವಿದೆ. ಕಲ್ಕತ್ತೆಯ ರಾಯಲ್ ಗಾಲ್ಫ್ ಕ್ಲಬ್ 1829ರಲ್ಲಿಯೂ ಬೆಂಗಳೂರಿನ ಗಾಲ್ಫ್ ಕ್ಲಬ್ 1876ರಲ್ಲಿಯೂ ಸ್ಥಾಪಿತವಾದವು. ಮುಂಬಯಿಯ ಚೆಂಬೂರು, ದೆಹಲಿಯಲ್ಲಿ ಪ್ರಾಚೀನ ಸಮಾಧಿಗಳ ನಡುವೆ ಹರಡಿರುವ ಮೈದಾನ, ಹೈದರಾಬಾದಿನ ಗೋಲ್ಕೊಂಡ ಮುಂತಾದೆಡೆ ಈ ಆಟ ಇಂದು ನಡೆಯುತ್ತಿದೆ. ಇದನ್ನು ಆಡುವವರು ಕೆಲವರೇ ಆದರೂ ಇದನ್ನು ನಂಬಿ ಬದುಕುವವರು ಅನೇಕರು. ಆಟಗಾರನ ಚೀಲ ಹೊತ್ತು ನಡೆಯುವ ಕ್ಯಾಡಿ, ಹುಲ್ಲು ಕತ್ತರಿಸುವ ಮಾಲಿ, ನೀರು ಹಾಯಿಸುವವರು, ಕಾವಲುಗಾರರು ಇವರೆಲ್ಲರೂ ದಿನವಿಡೀ ಬಯಲಿನಲ್ಲಿಯೇ ಇರುತ್ತಾರೆ. ಹವಾಮಾನ ವಿಕೋಪಕ್ಕೆ ತಿರುಗಿದಾಗ ಆಟಗಾರ ಆಟ ಬಿಟ್ಟು ಹೊರಡಬಹುದು. ಕೆಲಸಗಾರನಾದರೋ ಮೇಲಿನವರ ಮಾತಿಗಾಗಿ ಕಾಯುತ್ತಾನೆ. ಅಪಾಯ ಹೆಚ್ಚುವುದು ಈ ಕಾಯುವಿಕೆಯಲ್ಲಿ.

ಸಿಡಿಲು ಬಡಿಯುವ ಬಗೆ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಅಂಶಗಳ ಪ್ರಕಾರ 2019ರಿಂದ 2022ರವರೆಗೆ ಪ್ರತಿವರ್ಷವೂ ದೇಶದಲ್ಲಿ 2,800ಕ್ಕೂ ಹೆಚ್ಚು ಜನರು ಸಿಡಿಲಿಗೆ ಬಲಿಯಾಗಿದ್ದಾರೆ. ಇವರಲ್ಲಿ ಬಹುಪಾಲು ಮಂದಿ ಹೊಲಗದ್ದೆಗಳಲ್ಲಿದ್ದವರು. ಗಾಲ್ಫ್ ಮೈದಾನವೂ ಈ ದೃಷ್ಟಿಯಿಂದ ಹೊಲದಂತೆಯೇ. ವಿಶಾಲವಾದ ಬಯಲು, ಅಲ್ಲಲ್ಲಿ ಒಂಟಿ ಮರಗಳು, ನಡುವೆ ನೀರಿನ ಹೊಂಡಗಳು. ಅದರ ಮೇಲೆ ಕಟ್ಟಡವಿರುವ ಜಾಗ ಒಂದೆರಡು ಕಿಲೋಮೀಟರು ದೂರವಿರಬಹುದು.

ಸಿಡಿಲು ನೇರವಾಗಿ ತಲೆಯ ಮೇಲೆ ಬಿದ್ದರೆ ಮಾತ್ರ ಅಪಾಯವೆಂಬ ತಿಳಿವಳಿಕೆ ಸರಿಯಲ್ಲ. ಮರಕ್ಕೆ ಬಡಿದ ವಿದ್ಯುತ್ತು ಪಕ್ಕದಲ್ಲಿ ನಿಂತವನ ಕಡೆಗೆ ಹಾರಬಲ್ಲದು. ನೆಲಕ್ಕಿಳಿದ ವಿದ್ಯುತ್ತು ಸುತ್ತಲೂ ಹರಡಿ, ಒಂದು ಪಾದದಿಂದ ಏರಿ ಇನ್ನೊಂದು ಪಾದದಿಂದ ಇಳಿಯಬಲ್ಲದು. ತಂತಿಬೇಲಿಯಲ್ಲಿ ಅದು ಬಹುದೂರ ಸಾಗುತ್ತದೆ. ಕೈಯಲ್ಲಿರುವ ಲೋಹದ ಕೋಲೇ ಸಿಡಿಲನ್ನು ಸೆಳೆಯುತ್ತದೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಲೋಹಕ್ಕಿಂತ ಎತ್ತರ ಮತ್ತು ಒಂಟಿತನ ಮುಖ್ಯ. ಬಯಲಿನಲ್ಲಿ ಕೋಲನ್ನೋ ಛತ್ರಿಯನ್ನೋ ಮೇಲೆತ್ತಿದವನು ತಾನೇ ಅಲ್ಲಿನ ಎತ್ತರದ ವಸ್ತುವಾಗುತ್ತಾನೆ. ರಬ್ಬರಿನ ಅಡಿಯಿರುವ ಪಾದರಕ್ಷೆಗಳಿಂದ ರಕ್ಷಣೆ ದೊರೆಯದು.

1975ರ ಜೂನ್ ತಿಂಗಳಲ್ಲಿ ಅಮೆರಿಕದ ಷಿಕಾಗೊ ಬಳಿ ನಡೆಯುತ್ತಿದ್ದ ವೆಸ್ಟರ್ನ್ ಓಪನ್ ಪಂದ್ಯಾವಳಿಯಲ್ಲಿ ಲೀ ಟ್ರೆವಿನೊ ಸೇರಿದಂತೆ ಮೂವರು ಹೆಸರಾಂತ ಆಟಗಾರರಿಗೆ ಸಿಡಿಲಿನ ಆಘಾತವಾಯಿತು. ಟ್ರೆವಿನೊ ಮುಂದೆ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. 1991ರ ಜೂನ್‌ನಲ್ಲಿ ಮಿನ್ನೆಸೋಟ ರಾಜ್ಯದ ಹೇಝಲ್ಟೈನ್ ಮೈದಾನದಲ್ಲಿ ಯು.ಎಸ್. ಓಪನ್ ನಡೆಯುತ್ತಿದ್ದಾಗ ಮರದಡಿ ಆಶ್ರಯ ಪಡೆದಿದ್ದವರಿಗೆ ಸಿಡಿಲು ಬಡಿದು ಒಬ್ಬ ಪ್ರೇಕ್ಷಕ ಮೃತಪಟ್ಟನು, ಇನ್ನೈವರು ಗಾಯಗೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಇಂಡಿಯಾನಾದ ಕ್ರುಕೆಡ್ ಸ್ಟಿಕ್ ಮೈದಾನದಲ್ಲಿ ತನ್ನ ಕಾರಿನತ್ತ ಹೊರಟಿದ್ದ ಮತ್ತೊಬ್ಬ ಪ್ರೇಕ್ಷಕ ಸತ್ತನು. ಈ ಎರಡೂ ಸಾವುಗಳು ಸಂಭವಿಸಿದ್ದು ಆಟವನ್ನು ನಿಲ್ಲಿಸಿದ ಮೇಲೆ. ಆಟ ನಿಂತ ಮಾತ್ರಕ್ಕೆ ಜನರು ಸುರಕ್ಷಿತ ಸ್ಥಳ ಸೇರಿದರೆಂದು ಅರ್ಥವಲ್ಲ.

ಎಣಿಕೆ ಮತ್ತು ಸೈರನ್

ಮಿಂಚು ಕಂಡ ಬಳಿಕ ಗುಡುಗು ಕೇಳಿಸುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಸುಮಾರು ಎಷ್ಟು ಕಿಲೋಮೀಟರೆಂದು ತಿಳಿಯುತ್ತದೆ. ಈ ಅವಧಿ ಮೂವತ್ತು ಸೆಕೆಂಡುಗಳಷ್ಟಿದ್ದರೂ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆಯೆಂದೇ ಅರ್ಥ. ಮುಂದಿನದು ಮೈದಾನದಲ್ಲಿಯೇ ಬೀಳಬಹುದು. ಆದುದರಿಂದ ಗುಡುಗು ಕಿವಿಗೆ ಬಿದ್ದೊಡನೆ ಹೊರಡುವುದು ಕ್ಷೇಮ, ಮಳೆ ಬರಲೆಂದು ಕಾಯತಕ್ಕದ್ದಲ್ಲ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆಯುವವರೆಗೆ ಹೊರಬರಬಾರದು. ಮೋಡ ಚದುರಿ ಬಿಸಿಲು ಕಂಡಾಗ ಈ ಅರ್ಧ ಗಂಟೆ ದೀರ್ಘವೆನಿಸುವುದು ಸಹಜ, ಆದರೆ ಹಿಂದೆ ಸರಿಯುತ್ತಿರುವ ಮೋಡದಿಂದಲೂ ಸಿಡಿಲು ಬೀಳುತ್ತದೆ.

ಅಂತರರಾಷ್ಟ್ರೀಯ ನಿಯಮಾವಳಿ ಗಾಲ್ಫ್ ಆಟಗಾರನಿಗೆ ಒಂದು ವಿಶೇಷ ಹಕ್ಕನ್ನು ನೀಡಿದೆ. ಸಿಡಿಲಿನ ಅಪಾಯವಿದೆಯೆಂದು ಆತನಿಗೆ ಸಕಾರಣವಾಗಿ ಅನಿಸಿದರೆ ಯಾರ ಅಪ್ಪಣೆಗೂ ಕಾಯದೆ ಆಟ ನಿಲ್ಲಿಸಬಹುದು. ಸಮಿತಿಯು ದೀರ್ಘವಾಗಿ ಒಮ್ಮೆ ಸೈರನ್ ಊದಿದರೆ ಎಲ್ಲ ಆಟಗಾರರೂ ತತ್‌ಕ್ಷಣ ನಿಲ್ಲಿಸಬೇಕು, ಇನ್ನೊಂದೇ ಹೊಡೆತ ಎನ್ನುವಂತಿಲ್ಲ. ಎರಡು ಚಿಕ್ಕ ಸದ್ದುಗಳು ಪುನರಾರಂಭದ ಸಂಕೇತ. ಕೋಲು ಹೊತ್ತವನಿಗೂ ಹುಲ್ಲು ಕತ್ತರಿಸುವವನಿಗೂ ಈ ಹಕ್ಕನ್ನು ಆಟದ ನಿಯಮ ಕೊಡುವುದಿಲ್ಲ. ಅದನ್ನು ಕೊಡಬೇಕಾದುದು ಕ್ಲಬ್ಬಿನ ಆಡಳಿತ. ಸೈರನ್ ಮೊಳಗಿದಾಗ ಯಂತ್ರವನ್ನು ಇದ್ದಲ್ಲಿಯೇ ನಿಲ್ಲಿಸಿ ಬರಬಹುದು, ಅದಕ್ಕಾಗಿ ಕೂಲಿ ಕಡಿತವಾಗದು ಎಂಬ ಭರವಸೆಯನ್ನು ಲಿಖಿತವಾಗಿ ಕೊಟ್ಟಿದ್ದರೆ ಮಾತ್ರ ಕೆಲಸಗಾರ ಹೊರಡುತ್ತಾನೆ. ಯಂತ್ರದ ಸದ್ದಿನಲ್ಲಿ ಸೈರನ್ ಕೇಳಿಸದವರಿಗೆ ಸುದ್ದಿ ಮುಟ್ಟಿಸಲು ಒಬ್ಬರನ್ನು ಗೊತ್ತುಪಡಿಸಿರಬೇಕು. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ ಸಿದ್ಧಪಡಿಸಿರುವ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಮುನ್ಸೂಚನೆ ನೀಡುತ್ತದೆ. ಮೈದಾನದ ಮೇಲ್ವಿಚಾರಕರ ಬಳಿ ಇದು ಇರುವುದು ಒಳ್ಳೆಯದು.

ಗೋಡೆ, ವಿದ್ಯುತ್ ತಂತಿ ಹಾಗೂ ನೀರಿನ ಕೊಳವೆಗಳಿರುವ ಭದ್ರ ಕಟ್ಟಡ ಅಥವಾ ಲೋಹದ ಮೇಲ್ಛಾವಣಿಯುಳ್ಳ, ಗಾಜು ಮುಚ್ಚಿದ ಮೋಟಾರು ವಾಹನ ಸುರಕ್ಷಿತ. ನಾಲ್ಕು ಕಂಬಗಳ ಮಳೆ ತಂಗುದಾಣವಾಗಲಿ, ಬದಿ ತೆರೆದ ಗಾಲ್ಫ್ ಗಾಡಿಯಾಗಲಿ ಮಳೆಯನ್ನು ತಡೆದೀತು, ಸಿಡಿಲನ್ನಲ್ಲ. ಎತ್ತರದ ಮಂಟಪಗಳೂ ಹಾಗೆಯೇ. ಜೈಪುರದ ಅಂಬೇರ್ ಕೋಟೆಯ ಎದುರಿನ ಕಾವಲು ಗೋಪುರದಲ್ಲಿ 2021ರ ಜುಲೈನಲ್ಲಿ ಸಿಡಿಲು ಬಡಿದು ಹನ್ನೊಂದು ಮಂದಿ ಮೃತರಾದರು.

ಸಿಡಿಲು ತಗುಲಿದವರ ಶರೀರದಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಅಂಜಿ ದೂರ ನಿಂತುದರಿಂದ ಉಳಿಯಬಹುದಾದ ಜೀವಗಳು ಹೋಗುತ್ತವೆ. ಹಲವರು ಬಿದ್ದಿದ್ದರೆ, ನರಳುತ್ತಿರುವವರಿಗಿಂತ ಮೊದಲು ಉಸಿರಾಟ ನಿಂತಂತೆ ಕಾಣುವವರತ್ತ ಧಾವಿಸಬೇಕು. ಕೂಡಲೇ ಎದೆಯನ್ನು ಒತ್ತಿ ಕೃತಕ ಉಸಿರಾಟ ನೀಡಿದರೆ ಅವರು ಚೇತರಿಸಿಕೊಳ್ಳುವ ಸಾಧ್ಯತೆ ಉಂಟು.

ಬಿಸಿಲಿನ ದಿನಗಳಲ್ಲಿ

ಸಿಡಿಲಿಗೆ ಗುಡುಗಿನ ಎಚ್ಚರಿಕೆಯಾದರೂ ಇದೆ. ಬಿಸಿಲು ಸದ್ದಿಲ್ಲದೆ ಕೆಡವುತ್ತದೆ. ಬಯಲು ಸೀಮೆಯಲ್ಲಿ ಉಷ್ಣತೆ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ತಲುಪಿ, ವಾಡಿಕೆಗಿಂತ 4.5 ಡಿಗ್ರಿಯಷ್ಟು ಅಧಿಕವಾದಾಗ ಹವಾಮಾನ ಇಲಾಖೆ ಉಷ್ಣ ಅಲೆಯೆಂದು ಪರಿಗಣಿಸುತ್ತದೆ. ಕರಾವಳಿಗೆ ಈ ಮಿತಿ 37 ಡಿಗ್ರಿ. ಮುಂಬಯಿ, ಚೆನ್ನೈಗಳ ಆರ್ದ್ರ ಗಾಳಿಯಲ್ಲಿ ಬೆವರು ಆರದ ಕಾರಣ ಅಷ್ಟು ಬಿಸಿಯಿಲ್ಲದಿದ್ದರೂ ಶರೀರ ಬಳಲುತ್ತದೆ. ಹದಿನೆಂಟು ಕುಳಿಗಳ ಆಟಕ್ಕೆ ನಾಲ್ಕು ಗಂಟೆಗೂ ಮಿಕ್ಕಿದ ಕಾಲ ಬೇಕು. ಕ್ಯಾಡಿ ಅಷ್ಟು ಹೊತ್ತೂ ಭಾರ ಹೊತ್ತಿರುತ್ತಾನೆ, ಆಟ ಮುಗಿದೊಡನೆ ಇನ್ನೊಬ್ಬರ ಚೀಲವನ್ನು ಎತ್ತಿಕೊಳ್ಳುವುದೂ ಉಂಟು.

ಏಪ್ರಿಲ್‌ನಿಂದ ಜೂನ್‌ವರೆಗೆ ಹುಲ್ಲು ಕತ್ತರಿಸುವ ಕೆಲಸವನ್ನು ಬೆಳಗಿನ ಜಾವಕ್ಕೆ ಹಾಕಿಕೊಂಡು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಡುವು ನೀಡಬೇಕು. ಕುಡಿಯುವ ನೀರು, ಓ.ಆರ್.ಎಸ್. ಮತ್ತು ನೆರಳು ಕ್ಲಬ್ ಕಟ್ಟಡದಲ್ಲಷ್ಟೇ ಅಲ್ಲದೆ ಮೈದಾನದುದ್ದಕ್ಕೂ ದೊರೆಯುವಂತಿರಬೇಕು. ಹೊಸದಾಗಿ ಸೇರಿದವರ ದೇಹ ಬಿಸಿಲಿಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕಾಗುವುದರಿಂದ ಮೊದಲ ದಿನಗಳಲ್ಲಿ ಹಗುರ ಕೆಲಸ ಕೊಡುವುದು ಯುಕ್ತ.

ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಕಂಡಾಗಲೇ ನೆರಳಿಗೆ ಕರೆತರಬೇಕು. ಮಾತು ತೊದಲಿ, ನಡೆ ತೂರಾಡಿ, ದಿಕ್ಕು ತೋಚದಂತಾದರೆ ಅದು ಉಷ್ಣಾಘಾತ. ಮೈ ಬೆವರುತ್ತಿದ್ದರೂ ಹಾಗೆಯೇ ತಿಳಿಯತಕ್ಕದ್ದು. 112ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಬಟ್ಟೆ ಸಡಿಲಿಸಿ, ಮೈಮೇಲೆ ಧಾರಾಳವಾಗಿ ತಣ್ಣೀರು ಸುರಿದು ಗಾಳಿ ಬೀಸುತ್ತಿರಬೇಕು. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಇಡಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಕೂಡದು.