ನಿಮಗಿದು ಗೊತ್ತೇ? ದೊಡ್ಡರಸಿನಕೆರೆಯ ಅಂಬರೀಶ್

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೊರಟರೆ ದಾರಿಯಲ್ಲಿ ಕೆ.ಎಂ.ದೊಡ್ಡಿ ಸಿಗುತ್ತದೆ. ಅದರ ಹತ್ತಿರದ ದೊಡ್ಡರಸಿನಕೆರೆಯೇ ಅಂಬರೀಶ್ ಅವರ ಊರು. ಹುಟ್ಟಿದ್ದು 1952ರ ಮೇ 29ರಂದು. ಮನೆಯಲ್ಲಿಟ್ಟ ಹೆಸರು ಅಮರನಾಥ್.

ಏಳು ತಂತಿಯ ಪಿಟೀಲಿನಿಂದ ಹೆಸರಾದ ಟಿ. ಚೌಡಯ್ಯನವರ ಮೊಮ್ಮಗ ಇವರು! ಸಿನಿಮಾ ನಂಟು ತಾತನಿಂದಲೇ ಇತ್ತು. 1943ರ ‘ವಾಣಿ’ ಚಿತ್ರದ ನಿರ್ಮಾಪಕರು ಚೌಡಯ್ಯನವರೇ.

‘ನಾಗರಹಾವು’ (1972) ವಿಷ್ಣುವರ್ಧನ್ ಅವರನ್ನು ನಾಯಕನನ್ನಾಗಿ ಮಾಡಿದ ಚಿತ್ರ, ಅಂಬರೀಶ್‌ಗೆ ಮೊದಲ ಚಿತ್ರ. ಅದರಲ್ಲಿ ಅವರದು ಹುಡುಗಿಯನ್ನು ಕಾಡುವ ಪುಂಡ ಜಲೀಲನ ಪಾತ್ರ. ಪಾತ್ರ ಚಿಕ್ಕದು, ಆದರೆ ಜಲೀಲ ಆಡಿದ ‘ಬುಲ್‌ಬುಲ್’ ಎಂಬ ಮಾತು ಊರೂರಿಗೆ ಹಬ್ಬಿತು. ನಾಲ್ಕು ದಶಕ ಕಳೆದು, 2013ರಲ್ಲಿ, ಅದೇ ಹೆಸರಿನ ಸಿನಿಮಾ ಬಂತು. ಅದರಲ್ಲೂ ಅಂಬರೀಶ್ ಇದ್ದರು.

ಅವರನ್ನು ಬರೀ ಹೊಡೆದಾಟದ ಹೀರೋ ಎನ್ನುವವರು ‘ನಾಗರಹಾವು’ ನಿರ್ದೇಶಿಸಿದ ಪುಟ್ಟಣ್ಣ ಕಣಗಾಲರ ಚಿತ್ರಗಳನ್ನು ಮತ್ತೊಮ್ಮೆ ನೋಡಬೇಕು. ‘ಶುಭಮಂಗಳ’ದಲ್ಲಿ ಮಾತು ಬಾರದ ಮೂಗ. ‘ಪಡುವಾರಳ್ಳಿ ಪಾಂಡವರು’, ‘ರಂಗನಾಯಕಿ’ಯಲ್ಲೂ ಅವರಿದ್ದಾರೆ. ‘ಮಸಣದ ಹೂವು’ ಮುಗಿಯುವ ಮೊದಲೇ, 1985ರ ಜೂನ್‌ನಲ್ಲಿ, ಪುಟ್ಟಣ್ಣ ತೀರಿಕೊಂಡರು. ಉಳಿದದ್ದನ್ನು ಪೂರೈಸಿದವರು ಕೆ.ಎಸ್.ಎಲ್. ಸ್ವಾಮಿ. ‘ನಾಗರಹಾವು’ ಚಿತ್ರದಲ್ಲಿ ಹೊಸಮುಖವಾಗಿ ಬಂದ ಅಂಬರೀಶ್ ಗುರುವಿನ ಕೊನೆಯ ಚಿತ್ರದಲ್ಲೂ ಇದ್ದರು. ಕನ್ನಡದಲ್ಲಿ ಇಂಥ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು?

ರೆಬೆಲ್ ಸ್ಟಾರ್ ಪಟ್ಟಕ್ಕೆ ದಾರಿ ಮಾಡಿದ್ದು 1981ರ ‘ಅಂತ’. ‘ಸುಧಾ’ದಲ್ಲಿ ಧಾರಾವಾಹಿಯಾಗಿ ಬಂದ ಎಚ್.ಕೆ. ಅನಂತರಾವ್ ಅವರ ಕಾದಂಬರಿ ಆಧರಿಸಿದ ಚಿತ್ರ ಅದು. ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್, ಕನ್ವರ್‌ಲಾಲ್ ಎರಡೂ ಅಂಬರೀಶ್ ಅವರೇ. ರಾಜೇಂದ್ರಸಿಂಗ್ ಬಾಬು ಅದನ್ನೇ ಜಿತೇಂದ್ರರನ್ನಿಟ್ಟು ಹಿಂದಿಗೆ ಒಯ್ದರು. ಅಂಬರೀಶ್ ಅವರ ‘ಚಕ್ರವ್ಯೂಹ’ ಹಿಂದಿಯಲ್ಲಿ ‘ಇಂಕ್ವಿಲಾಬ್’ ಆಯಿತು. ಅಲ್ಲಿ ನಾಯಕ ಅಮಿತಾಭ್ ಬಚ್ಚನ್!

ಮಂಡ್ಯದಿಂದ ಮೂರು ಸಲ ಲೋಕಸಭೆಗೆ: 1998, 1999, 2004. ಕೇಂದ್ರದಲ್ಲಿ ಸಿಕ್ಕಿದ್ದು ಸಿನಿಮಾ, ಟಿ.ವಿ., ರೇಡಿಯೊ ಎಲ್ಲವೂ ಸೇರಿದ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವಗಿರಿ. 2007ರ ಫೆಬ್ರುವರಿಯಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 419, ನಮಗೆ 270 ಟಿಎಂಸಿ ಎಂದು ತೀರ್ಪಿತ್ತಾಗ ರಾಜೀನಾಮೆ ಕೊಟ್ಟರು. ನಾಲೆ ನೀರನ್ನೇ ನಂಬಿ ಭತ್ತ, ಕಬ್ಬು ಬೆಳೆಯುವ ಜಿಲ್ಲೆಯವರಿಗೆ ಅದರ ಬೆಲೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

2018ರ ನವೆಂಬರ್ 24ರಂದು ಅಂಬರೀಶ್ ನಿಧನರಾದರು. ಮಾರನೆಯ ದಿನ ಪಾರ್ಥಿವ ಶರೀರವನ್ನು ಹೆಲಿಕಾಪ್ಟರ್‌ನಲ್ಲಿ ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ತಂದರು. ಬೆಂಗಳೂರಿಗೆ ಮರಳಿ ಒಯ್ಯುವ ಮುನ್ನ ಪತ್ನಿ ಸುಮಲತಾ, ಅಂಬರೀಶ್ ಅವರ ಹಣೆಗೆ ಮಂಡ್ಯದ ಮಣ್ಣು ಹಚ್ಚಿದರು. ಮರುವರ್ಷ ಅದೇ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಗೆದ್ದದ್ದು 1.25 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ.

ನಾಯಕನಾಗಿ ಕೊನೆಯ ಚಿತ್ರ ‘ಅಂಬಿ ನಿಂಗ್ ವಯಸ್ಸಾಯ್ತೋ’. ಆದರೆ ಅಭಿಮಾನಿಗಳು ಅವರನ್ನು ತೆರೆಯ ಮೇಲೆ ಇನ್ನೊಮ್ಮೆ ಕಂಡರು: 2019ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ‘ಕುರುಕ್ಷೇತ್ರ’ದಲ್ಲಿ ಭೀಷ್ಮ ಅವರೇ.