ಪೆನ್‌ಡ್ರೈವ್‌ನಲ್ಲಿ ಗಡಿ ದಾಟುವ ಪಾಠ

ಶಾಲೆಗೆ ಕಂಪ್ಯೂಟರ್ ಬಂದರೆ ಕಾಗದ ಉಳಿಯುತ್ತದೆ ಎಂಬುದು ನಗರದ ಲೆಕ್ಕ. ಆಂಧ್ರದ ಗಡಿಯಲ್ಲಿರುವ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಮಾಧ್ಯಮದ ಮೇಷ್ಟರಿಗೆ ಆ ಲೆಕ್ಕ ತಿರುವುಮುರುವು. ಇವರ ಕಷ್ಟ ಕಾಗದ ಹೆಚ್ಚಾದದ್ದಲ್ಲ, ಬೇಕಾದ ಕಾಗದ ಸಿಗದೇ ಹೋದದ್ದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಚೆಗೆ ಹೋದವು. ಮಡಕಶಿರಾ ಆಗಲೇ ಅನಂತಪುರ ಜಿಲ್ಲೆಯಲ್ಲಿತ್ತು. 2022ರಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಮಡಕಶಿರಾದ ಮೂರು ಕಡೆ ಕರ್ನಾಟಕವೇ. ಪಕ್ಕದ ಹೇಮಾವತಿಯೇ ನೊಳಂಬ ಅರಸರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿನ ಕಲ್ಲುಗಳ ಮೇಲಿನ ಕನ್ನಡಕ್ಕೆ ಸಾವಿರ ವರ್ಷ ದಾಟಿದೆ. ಕಲ್ಲಿಗಿರುವ ಅನುಕೂಲ ಪಠ್ಯಪುಸ್ತಕಕ್ಕಿಲ್ಲ. ಕೊಳ್ಳುವ ಮಕ್ಕಳು ಕಡಿಮೆ, ಹಾಗಾಗಿ ಆಂಧ್ರದ ಸಿಲಬಸ್ಸಿಗೆ ಕನ್ನಡದಲ್ಲಿ ಗೈಡು, ಪ್ರಶ್ನೆಪತ್ರಿಕೆ ಕಟ್ಟು ಅಚ್ಚು ಹಾಕಿಸುವವರು ಅಪರೂಪ. ಬಳ್ಳಾರಿಯ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ, ಆದರೆ ಅವು ಕರ್ನಾಟಕದ ಪರೀಕ್ಷೆಯವು.

ಇಂಥಲ್ಲಿ ಕಂಪ್ಯೂಟರ್ ಮೊದಲು ಮಾಡುವ ಕೆಲಸ ಕೂಡಿಸುವುದು. ಕರ್ನಾಟಕ ಪಠ್ಯಪುಸ್ತಕ ಸಂಘದ ಪಿಡಿಎಫ್‌ಗಳು ಪುಕ್ಕಟೆ ಇಳಿಯುತ್ತವೆ. 2017ರಲ್ಲಿ ಶುರುವಾದ ದೀಕ್ಷಾ ಜಾಲತಾಣದಲ್ಲಿ ಕನ್ನಡದ ಪಾಠಗಳಿವೆ. ಕರ್ನಾಟಕದ ಶಿಕ್ಷಕರೇ ಸೇರಿ ಬೆಳೆಸಿದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ತಾಣವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಿಕೊಳ್ಳಬಹುದು. ಆದರೆ ಇಳಿಸಿಕೊಂಡರೆ ಮುಗಿಯಲಿಲ್ಲ. ಈಚೆಯ ಪಾಠ ಆಚೆಯ ಪುಸ್ತಕದ ಯಾವ ಅಧ್ಯಾಯಕ್ಕೆ ಹೊಂದುತ್ತದೆ ಎಂದು ಕೂತು ನೋಡಬೇಕು. ಗಣಿತ, ವಿಜ್ಞಾನದಲ್ಲಿ ಇದು ಅಷ್ಟು ಕಷ್ಟವಿಲ್ಲ. ಚತುರ್ಭುಜಕ್ಕೆ ಎಲ್ಲಿ ಹೋದರೂ ನಾಲ್ಕೇ ಬಾಹು. ಸಮಾಜ ವಿಜ್ಞಾನದಲ್ಲಿ ರಾಜ್ಯ ಬದಲಾದರೆ ನದಿ, ಅಣೆಕಟ್ಟು, ಚಳವಳಿ ಎಲ್ಲವೂ ಬದಲು.

ಇಳಿಸಿಕೊಂಡ ಫೈಲುಗಳಿಗೆ ಹೆಸರಿಡುವುದು ಸಣ್ಣ ಕೆಲಸದಂತೆ ಕಾಣುತ್ತದೆ, ಆದರೆ ಅಲ್ಲ. 'ನ್ಯೂ ಫೋಲ್ಡರ್', 'ಫೈನಲ್', 'ಫೈನಲ್ ಹೊಸದು' ಎಂದು ತುಂಬಿಸಿಟ್ಟ ಡೆಸ್ಕ್‌ಟಾಪ್ ಬೀರುವಿಗಿಂತ ಕಡೆ. '8-ಗಣಿತ-ಚತುರ್ಭುಜ-ಅಭ್ಯಾಸ ಹಾಳೆ' ಎಂದಿದ್ದರೆ ಮುಂದಿನ ವರ್ಷ ಬರುವ ಮೇಷ್ಟರಿಗೂ ಸಿಗುತ್ತದೆ. ಅಕ್ಷರದ್ದು ಇನ್ನೊಂದು ಗೋಳು. ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ತಲೆ ಮೇಲೆ ಚುಕ್ಕಿ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಹುಡುಕಿದರೆ ಸಿಗದು, ಮೊಬೈಲಿಗೆ ಕಳಿಸಿದರೆ ಓದಲಾಗದು. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಒತ್ತಕ್ಷರ ತಪ್ಪಿದ್ದನ್ನು ಕೈಯಾರೆ ತಿದ್ದಿಟ್ಟರೆ ಮಾತ್ರ ಅದು ಸಂಗ್ರಹ. ಬೇಸರದ ಕೆಲಸ ನಿಜ, ಆದರೆ ಒಮ್ಮೆ ಮಾಡಿದರೆ ಸಾಕು.

ದಾಖಲೆಯ ಕಾಗದ ಕಡಿಮೆಯಾಯಿತೇ ಎಂದು ಕೇಳಿದರೆ ಮೇಷ್ಟರು ನಗುತ್ತಾರೆ. 2022ರಿಂದ ಆಂಧ್ರದಲ್ಲಿ ಶಿಕ್ಷಕರ ಹಾಜರಿಗೆ ಮುಖ ತೋರಿಸುವ ಆ್ಯಪ್ ಇದೆ. ಸುತ್ತೋಲೆ ತೆಲುಗಿನಲ್ಲಿ, ಆ್ಯಪ್ ಇಂಗ್ಲಿಷಿನಲ್ಲಿ, ಪಾಠ ಕನ್ನಡದಲ್ಲಿ. ಆನ್‌ಲೈನ್‌ನಲ್ಲಿ ತುಂಬಿದ್ದನ್ನೇ ರಿಜಿಸ್ಟರಿನಲ್ಲೂ ಬರೆದಿಡಿ ಎಂದರೆ ಕಂಪ್ಯೂಟರ್ ಏನು ಉಳಿಸಿತು? ಒಮ್ಮೆ ಬರೆಯುತ್ತಿದ್ದುದನ್ನು ಎರಡು ಬಾರಿ ಮಾಡಿಸಿತು, ಅಷ್ಟೆ.

ಇಷ್ಟು ಕಷ್ಟಪಟ್ಟು ಕೂಡಿಟ್ಟದ್ದು ಹೆಚ್ಚಿನ ಕಡೆ ಮೇಷ್ಟರ ಸ್ವಂತ ಲ್ಯಾಪ್‌ಟಾಪಿನಲ್ಲಿರುತ್ತದೆ. ವರ್ಗವಾದರೆ ಅದೂ ಹೊರಟುಹೋಗುತ್ತದೆ. ಶಾಲೆಯ ಯಂತ್ರದಲ್ಲೊಂದು, ಪಕ್ಕದ ಕನ್ನಡ ಶಾಲೆಯಲ್ಲೊಂದು ಪ್ರತಿ ಇಡಲು ಇಂಟರ್ನೆಟ್ಟೂ ಬೇಡ, ಒಂದು ಪೆನ್‌ಡ್ರೈವ್ ಸಾಕು. ಇನ್ನು ಮಕ್ಕಳ ಕೈಗೆ ಹೋಗುವುದು ಹಾಳೆಯೇ. ಮನೆಯ ಒಂದೇ ಫೋನು ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗಿರುತ್ತದೆ. ಹಾಗಾಗಿ ಪರೀಕ್ಷೆ ಬರೆಯುವ ಹತ್ತನೆಯ ತರಗತಿಯವರಿಗೆ ಪ್ರಿಂಟ್ ತೆಗೆಯಲೇಬೇಕು: ಎರಡೂ ಮಗ್ಗುಲು, ಒಂದು ಮಗ್ಗುಲಿಗೆ ಎರಡು ಪುಟ.