ತೆರೆಯ ಮೇಲಿನ ತಾಯಿಯೂ ಆಕೆಯ ದುಡಿಮೆಯೂ

ಭಾರತೀಯ ಚಲಚ್ಚಿತ್ರಗಳಲ್ಲಿ ತಾಯಿಗೆ ಸ್ಥಾನವಿಲ್ಲವೆಂದು ಯಾರೂ ದೂರುವಂತಿಲ್ಲ. 1957ರ ‘ಮದರ್ ಇಂಡಿಯಾ’ದಿಂದ ಮೊದಲ್ಗೊಂಡು ಇಂದಿನವರೆಗೆ ಆಕೆಯನ್ನು ದೇವತೆಯ ಪೀಠದಲ್ಲಿ ಕುಳ್ಳಿರಿಸಿ ಪೂಜಿಸಿದವರೇ ಹೆಚ್ಚು. ಆ ಹಳೆಯ ಚಿತ್ರದ ತಾಯಿಯಾದರೂ ನೇಗಿಲನ್ನು ಎಳೆದಳು. ಆಕೆಯ ಬೆವರನ್ನು ಪ್ರೇಕ್ಷಕರು ಕಂಡರು. ಅನಂತರದ ಅನೇಕ ಚಿತ್ರಗಳಲ್ಲಿ ತಾಯಿಯ ಪಾಲಿಗೆ ಉಳಿದುದು ಕಣ್ಣೀರು, ಮತ್ತು ಮಗನಿಂದ ಪಡೆಯುವ ವಚನ. ತಾಯ್ತನವನ್ನು ಹೊಗಳುವುದು ಸುಲಭ. ತಾಯಿಯು ಬೆಳಗಿನಿಂದ ರಾತ್ರಿಯವರೆಗೆ ಮಾಡುವ ಕೆಲಸವನ್ನು ಎಣಿಸುವುದು ಕಷ್ಟ. ಇತ್ತೀಚಿನ ಕೆಲವು ಚಿತ್ರಗಳು ಈ ಎಣಿಕೆಗೆ ಕೈಹಾಕಿರುವುದು ಸಂತೋಷದ ಸಂಗತಿ.

ವಚನ ಪಡೆದ ತಾಯಿ

2018ರ ‘ಕೆ.ಜಿ.ಎಫ್.’ ಚಿತ್ರವನ್ನು ನಮ್ಮ ವಾಚಕರಲ್ಲಿ ಹಲವರು ನೋಡಿರಬಹುದು. ಬಡತನದಲ್ಲಿ ಸಾಯುವ ತಾಯಿಯು, ಸಿರಿವಂತನಾಗಿಯೇ ಸಾಯುವೆನೆಂಬ ಮಾತನ್ನು ಮಗನಿಂದ ಪಡೆಯುತ್ತಾಳೆ. ಬಾಲಕನು ಮುಂಬಯಿಗೆ ಬಂದು ಭೂಗತ ಲೋಕದಲ್ಲಿ ಬೆಳೆಯುತ್ತಾನೆ. ನಮ್ಮ ಕರಾವಳಿಯ ಹುಡುಗರೂ ಇದೇ ಮುಂಬಯಿಗೆ ಬಂದವರೇ. ಅವರು ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಶಾಲೆಗಳಲ್ಲಿ ಓದಿ, ಊರಿಗೆ ಮನಿಯಾರ್ಡರ್ ಕಳುಹಿಸಿದರು. ಆ ಹಣವು ತಲುಪುವ ತನಕ ಮನೆಯನ್ನು ನಡೆಸಿದವರು ಬೀಡಿ ಕಟ್ಟಿದ, ನೇಜಿ ನೆಟ್ಟ, ಮೀನಿನ ಬುಟ್ಟಿ ಹೊತ್ತ ತಾಯಂದಿರು. ಮಗನ ಸಾಹಸವನ್ನು ವಿಸ್ತರಿಸಿ ಹೇಳುವ ಚಿತ್ರಗಳು ತಾಯಿಯ ಕೂಲಿಯ ಲೆಕ್ಕವನ್ನು ಹೇಳುವುದಿಲ್ಲ.

2022ರ ‘ಕಾಂತಾರ’ದಲ್ಲಿ ಲೀಲಾ ಎಂಬವಳು ಅರಣ್ಯ ಇಲಾಖೆಯ ನೌಕರಿಗೆ ಸೇರುತ್ತಾಳೆ. ಊರಿನ ಹಿತ ಮತ್ತು ಸಂಬಳದ ಕರ್ತವ್ಯಗಳ ನಡುವೆ ಸಿಕ್ಕಿದ ಆಕೆಯ ಸಂಕಟವು ಬೇರೊಂದು ಚಿತ್ರಕ್ಕೆ ಸಾಲುವಷ್ಟು ದೊಡ್ಡದು. ಆದರೆ ಕಥೆಯು ಬೇಗನೆ ನಾಯಕನ ಕಡೆಗೆ ಹೊರಳುತ್ತದೆ.

ಅಡಿಗೆಮನೆಯ ಲೆಕ್ಕ

2021ರ ಮಲಯಾಳ ಚಿತ್ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಅಡಿಗೆಮನೆಯನ್ನೇ ಕಥಾರಂಗವಾಗಿ ಮಾಡಿಕೊಂಡಿತು. ಅದರ ಹಿಂದಿ ರೂಪವಾದ, ಆರತಿ ಕಡವ್ ನಿರ್ದೇಶನದ ‘ಮಿಸೆಸ್’ 2025ರಲ್ಲಿ ಮನೆಮನೆಯ ತೆರೆಗಳಿಗೆ ಬಂದಿತು. ಸಾನ್ಯಾ ಮಲ್ಹೋತ್ರಾ ಇದರಲ್ಲಿ ನೃತ್ಯ ಬಲ್ಲ ಸೊಸೆ. ಚಟ್ನಿಯನ್ನು ಕಲ್ಲಿನಲ್ಲಿಯೇ ಅರೆಯಬೇಕೆಂಬುದು ಮಾವನವರ ಅಪೇಕ್ಷೆ. ಗಂಡನು ಸ್ತ್ರೀರೋಗಗಳ ವೈದ್ಯ. ಸ್ವಂತ ಹೆಂಡತಿಯ ಆಯಾಸವನ್ನು ಮಾತ್ರ ಅರಿಯನು.

ನಾವು ಹೋಟೆಲು ನಡೆಸುತ್ತಿದ್ದಾಗ ಅರೆಯುವವನು ಬೇರೆ, ದೋಸೆ ಹೊಯ್ಯುವವನು ಬೇರೆ, ಬಡಿಸುವವನು ಬೇರೆ, ಮೇಜು ಒರೆಸುವವನು ಬೇರೆ. ಪ್ರತಿಯೊಬ್ಬನಿಗೂ ಸಂಬಳವಿತ್ತು, ರಜೆಯಿತ್ತು. ಇಷ್ಟೂ ಕೆಲಸವನ್ನು ಒಬ್ಬಳೇ ಮಾಡುವ ಗೃಹಿಣಿಯನ್ನು ಕುರಿತು ಮಾತ್ರ ‘ಮನೆಯಲ್ಲೇ ಇದ್ದಾಳೆ’ ಎಂದು ಹೇಳುವುದು ನಮ್ಮ ರೂಢಿ. ಕೇಂದ್ರ ಸರಕಾರದ 2024ರ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ 289 ನಿಮಿಷಗಳನ್ನು ಕೊಡುತ್ತಿದ್ದರು. ಪುರುಷರು 88 ನಿಮಿಷಗಳನ್ನು. ಚಿತ್ರದಲ್ಲಿ ಉತ್ಪ್ರೇಕ್ಷೆಯಿದೆಯೆನ್ನುವವರು ಈ ಅಂಕಿಗಳನ್ನು ಗಮನಿಸಬೇಕು.

ವಿರಾರಿನ ಸುಲು

ಮನೆಯಿಂದ ಹೊರಗೆ ಕಾಲಿಟ್ಟವಳ ಪಾಡೇನು? 2017ರ ‘ತುಮ್ಹಾರಿ ಸುಲು’ ನಮ್ಮ ಉಪನಗರದ್ದೇ ಕಥೆ. ವಿದ್ಯಾ ಬಾಲನ್ ನಟಿಸಿದ ವಿರಾರಿನ ಗೃಹಿಣಿಗೆ ರೇಡಿಯೋ ಕೇಂದ್ರವೊಂದರಲ್ಲಿ ರಾತ್ರಿಯ ಕಾರ್ಯಕ್ರಮ ನಡೆಸುವ ಕೆಲಸ ದೊರೆಯುತ್ತದೆ. ಮಗನು ಶಾಲೆಯಲ್ಲಿ ತಪ್ಪು ಮಾಡಿದೊಡನೆ ಎಲ್ಲರ ಬೆರಳೂ ತಾಯಿಯ ನೌಕರಿಯತ್ತ ತಿರುಗುತ್ತದೆ. ಗಂಡನಿಗೂ ನೌಕರಿಯಿದೆ, ಅದರಿಂದ ಮಗನು ಕೆಟ್ಟನೆಂದು ಯಾರೂ ಹೇಳರು. ಚಿತ್ರದ ಮುಕ್ತಾಯವು ತುಸು ಸಲೀಸಾಯಿತೆಂದು ನಮಗೆ ತೋರಿದರೂ, ಈ ಪಕ್ಷಪಾತವನ್ನು ಅದು ನಗುನಗುತ್ತಲೇ ಬಯಲಿಗೆಳೆದಿದೆ.

ಮಗುವನ್ನು ಹಿಡಿಯುವ ಕೈ

ತಾಯಿಯು ಕೆಲಸಕ್ಕೆ ಹೋದಾಗ ಮಗುವನ್ನು ಯಾರು ನೋಡಬೇಕು? ಪೃಥ್ವಿ ಕೋಣನೂರು ಅವರ ಕನ್ನಡ ಚಿತ್ರ ‘ಪಿಂಕಿ ಎಲ್ಲಿ?’ 2020ರಲ್ಲಿ ಈ ಪ್ರಶ್ನೆಯನ್ನು ನಿರ್ದಾಕ್ಷಿಣ್ಯವಾಗಿ ಎತ್ತಿತು. ಬೆಂಗಳೂರಿನ ಉದ್ಯೋಗಸ್ಥ ದಂಪತಿಗಳ ಹಸುಗೂಸನ್ನು ಮನೆಗೆಲಸದವಳು ಭಿಕ್ಷುಕಿಗೆ ಬಾಡಿಗೆಗೆ ಕೊಡುತ್ತಾಳೆ. ಒಂದು ದಿನ ಕೂಸು ಕಾಣೆಯಾಗುತ್ತದೆ. ನೌಕರಿಗೆ ಹೋದ ತಾಯಿಯದೇ ತಪ್ಪೆಂಬ ಸುಲಭದ ತೀರ್ಪನ್ನು ಚಿತ್ರವು ಕೊಡುವುದಿಲ್ಲ. ಎಲ್ಲ ಹೆಂಗಸರ ಹೊಟ್ಟೆಪಾಡನ್ನೂ ನಮ್ಮ ಮುಂದಿಡುತ್ತದೆ. 2022ರ ‘ಜಲ್ಸಾ’ದಲ್ಲಿ ಮುಂಬಯಿಯ ಪತ್ರಕರ್ತೆಯ ಅಂಗವಿಕಲ ಮಗನನ್ನು ಅಡಿಗೆಯಾಕೆಯು ಅಕ್ಕರೆಯಿಂದ ನೋಡಿಕೊಳ್ಳುತ್ತಾಳೆ. ಆ ಅಡಿಗೆಯಾಕೆಯ ಮಗಳೇ ರಾತ್ರಿಯ ವೇಳೆ ಯಜಮಾನಿಯ ಕಾರಿಗೆ ಸಿಕ್ಕುತ್ತಾಳೆ. ಒಬ್ಬ ತಾಯಿಯ ನೌಕರಿಯು ಇನ್ನೊಬ್ಬ ತಾಯಿಯ ಹೆಗಲ ಮೇಲೆ ನಿಂತಿರುವುದನ್ನು ಇದಕ್ಕಿಂತ ಕಠೋರವಾಗಿ ಹೇಳುವುದು ಕಷ್ಟ.

2017ರ ಕಾನೂನಿನ ತಿದ್ದುಪಡಿಯು ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು; 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದು ವಿಧಿಸಿತು. ಸಣ್ಣ ಅಂಗಡಿ, ಹೋಟೆಲುಗಳ ಹೆಂಗಸರಿಗೂ, ಮನೆಮನೆಗೆ ಹೋಗಿ ಅಡಿಗೆ ಮಾಡುವವರಿಗೂ ಆ ಕೇಂದ್ರವು ದೂರವೇ ಉಳಿಯಿತು.

ಮನೆಯ ಕಾಗದ

2024ರಲ್ಲಿ ಕಾನ್ ಚಿತ್ರೋತ್ಸವದ ಗ್ರಾಂಡ್ ಪ್ರಿ ಪ್ರಶಸ್ತಿ ಪಡೆದ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ನಮ್ಮಂತೆಯೇ ಪರವೂರಿನಿಂದ ಈ ನಗರಕ್ಕೆ ಬಂದವರ ಚಿತ್ರ. ಕೇರಳದ ಇಬ್ಬರು ದಾದಿಯರ ಜೊತೆಗೆ ಅದರಲ್ಲಿ ಪಾರ್ವತಿ ಎಂಬ ಆಸ್ಪತ್ರೆಯ ಅಡಿಗೆಯಾಕೆಯಿದ್ದಾಳೆ; ಛಾಯಾ ಕದಮ್ ಆ ಪಾತ್ರಕ್ಕೆ ಜೀವ ತುಂಬಿದ್ದಾರೆ. ಗಂಡನು ತೀರಿಕೊಂಡಿದ್ದಾನೆ. ಬಿಲ್ಡರನು ಮನೆ ಬಿಡೆನ್ನುವಾಗ ಅದು ತನ್ನದೆನ್ನಲು ಆಕೆಯ ಕೈಯಲ್ಲಿ ಒಂದು ಕಾಗದವೂ ಇಲ್ಲ. ದುಡಿದ ವರ್ಷಗಳಿಗೆ ಸಾಕ್ಷಿಯಿಲ್ಲದೆ ಆಕೆಯು ಕೊಂಕಣದ ಕಡಲ ತೀರದ ಊರಿಗೆ ಮರಳುತ್ತಾಳೆ.

ಈ ದೃಶ್ಯವನ್ನು ನೋಡಿ ಮರುಗಿದರೆ ಸಾಲದು. ಹಳೆಯ ಚಾಳುಗಳನ್ನು ಕೆಡವಿ ಬಹುಮಹಡಿ ಕಟ್ಟಡಗಳನ್ನು ಕಟ್ಟುತ್ತಿರುವ ಈ ನಗರದಲ್ಲಿ ನಮ್ಮವರಲ್ಲಿಯೂ ಅನೇಕರು ಹೊಸ ಮನೆಯ ಒಪ್ಪಂದಕ್ಕೆ ಸಹಿ ಹಾಕುವವರಿದ್ದಾರೆ. ಆ ಪತ್ರದಲ್ಲಿ ಮನೆಯಾಕೆಯ ಹೆಸರನ್ನೂ ಬರೆಸುವುದು ತಾಯಿಯ ಗುಣಗಾನಕ್ಕಿಂತ ದೊಡ್ಡ ಗೌರವವೆಂದು ನಾವು ಭಾವಿಸುತ್ತೇವೆ.